ಇಂಟರ್‌ವಲ್ ಮಾತು: ನನ್ನೊಳಗಿನ ಮಲ್ಟಿಸ್ಟಾರರ್!

ಅಭಿಮಾನಿ ಮಿತ್ರರೇ, ಈ ವಾರ ನಿಮಗೊಂದು ಪ್ರಶ್ನೆ. ಬಹುಮಾನ ಗಿಹುಮಾನ ಏನೂ ಇಲ್ಲ. ಸುಮ್ಮನೆ ಯೋಚಿಸಿ ನೋಡಿ.

2004ರ ‘ಆಪ್ತಮಿತ್ರ’ ನೋಡಿದ್ದೀರಿ. ಒಂದು ಸಲ ಅಲ್ಲ, ಹತ್ತು ಸಲ ನೋಡಿದ ಭೂಪರೂ ನಿಮ್ಮಲ್ಲಿ ಇದ್ದೀರಿ. ಗಂಗಾ ಆಗಿದ್ದ ಸೌಂದರ್ಯ ಕಣ್ಣು ಮಿಟುಕಿಸೋದರೊಳಗೆ ನಾಗವಲ್ಲಿ ಆಗಿಬಿಡ್ತಾರೆ. ಏನು ಕಣ್ಣು, ಏನು ಅಭಿನಯ! ಚಿತ್ರ ತೆರೆಗೆ ಬರುವ ಹೊತ್ತಿಗೆ ಆಕೆಯೇ ಇರಲಿಲ್ಲ. ಅದೇ ವರ್ಷ ಏಪ್ರಿಲ್ 17ರ ವಿಮಾನ ಅಪಘಾತ ಆಕೆಯನ್ನು ಕರೆದುಕೊಂಡು ಹೋಗಿತ್ತು. ಇರಲಿ, ಕಥೆಗೆ ಬರೋಣ. ಡಾಕ್ಟರ್ ವಿಜಯ್ ಆಗಿ ಬರುವ ನಮ್ಮ ವಿಷ್ಣುವರ್ಧನ್ ಗುಟ್ಟು ಪತ್ತೆ ಮಾಡ್ತಾರೆ. ಸೇಡು ತೀರಿತು ಅಂತ ನಂಬಿಸಿದ ಕೂಡಲೇ ನಾಗವಲ್ಲಿ ಹೊರಟುಹೋಗ್ತಾಳೆ. ಶುಭಂ. ಲೈಟ್ ಹತ್ತಿಕೊಳ್ಳುತ್ತೆ, ನಾವು ಪಾರ್ಕಿಂಗ್ ಚೀಟಿ ಹುಡುಕ್ತೀವಿ.

ನನ್ನ ಪ್ರಶ್ನೆ ಏನಪ್ಪಾ ಅಂದ್ರೆ, ಮಾರನೇ ದಿನ ಬೆಳಗ್ಗೆ ಕಾಫಿ ಕುಡಿಯೋ ಹೊತ್ತಿಗೆ ಗಂಗಾ ಆ ಮನೆಯವರ ಮುಖ ಹೇಗೆ ನೋಡಿದಳು? ತಾನು ಏನು ಮಾಡಿದೆ ಅನ್ನೋದು ಅವಳಿಗೆ ನೆನಪಿಲ್ಲ. ಆದರೆ ಸುತ್ತ ಇರುವ ಎಲ್ಲರಿಗೂ ನೆನಪಿದೆ! ಅಡಿಗೆಯವಳು ಅಡ್ಡಗಣ್ಣಲ್ಲಿ ನೋಡ್ತಾಳೆ, ಮಕ್ಕಳು ಬಾಗಿಲ ಹಿಂದೆ ನಿಂತು ಪಿಸುಗುಡ್ತಾರೆ. ಆ ಸೀನು ಯಾವ ಡೈರೆಕ್ಟರೂ ತೆಗೆದಿಲ್ಲ. ಆದರೆ ಅದು ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ಆ ಬೆಳಗ್ಗೆಗಳು ನನ್ನ ಬದುಕಿನಲ್ಲಿ ಎಷ್ಟೋ ಬಂದು ಹೋಗಿವೆ.

ಹೌದು ಮಿತ್ರರೇ, ಇಷ್ಟು ವರ್ಷ ಈ ಅಂಕಣದಲ್ಲಿ ಹೀರೋಗಳ ಗುಟ್ಟು ಬರೆದವನು ಇವತ್ತು ನನ್ನದೇ ಗುಟ್ಟು ಬರೀತಿದ್ದೇನೆ. ಕಳೆದ ತಿಂಗಳು ಒಬ್ಬ ಓದುಗನ ಪತ್ರ ಬಂತು. ಹೆಸರು, ಊರು ಬರೆಯಲ್ಲ. ಇಪ್ಪತ್ತೆರಡು ವಯಸ್ಸು. ‘ಅಣ್ಣಾ, ಕೆಲವು ಹೊತ್ತು ನಾನು ನಾನಾಗಿರಲ್ಲ. ಚಿಕ್ಕ ಹುಡುಗನ ಥರ ಮಾತಾಡ್ತೀನಂತೆ, ಅಳ್ತೀನಂತೆ. ಆಮೇಲೆ ನನಗೆ ಜ್ಞಾಪಕವೇ ಇರಲ್ಲ. ಹುಡುಗರು ಮೊಬೈಲಿನಲ್ಲಿ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದ್ದಾರೆ. ಇನ್ನು ಹೇಗೆ ತಲೆ ಎತ್ತಿ ಓಡಾಡಲಿ?’ ಅಂತ ಬರೆದಿದ್ದಾನೆ. ಅವನಿಗೆ ಬೇರೆ ಪತ್ರ ಬರೆದಿದ್ದೇನೆ. ಆದರೆ ಹೀಗೆ ಬಾಯಿ ಬಿಡದೆ ಕೂತವರು ಇನ್ನೂ ಎಷ್ಟು ಜನ ಇದ್ದಾರೋ? ಅದಕ್ಕೇ ಈ ವಾರದ ಪುಟ.

ಮೊದಲು ಒಂದು ಮಾತು ಸ್ಪಷ್ಟ ಮಾಡ್ತೀನಿ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹಾಡು ಗುನುಗುತ್ತಾ ಇಳಿಯೋ ಸ್ಟಾಪು ದಾಟಿ ಹೋಗಿದ್ದುಂಟಾ? ಸಿನಿಮಾ ನೋಡಿ ಬಂದು ಎರಡು ದಿನ ಹೀರೋ ಥರ ಕಾಲರ್ ಎತ್ತಿಕೊಂಡು ನಡೆದಿದ್ದುಂಟಾ? ಅದೆಲ್ಲ ಕಾಯಿಲೆ ಅಲ್ಲ. ಮನಸ್ಸು ಒಂದು ಗಳಿಗೆ ಎಲ್ಲೋ ಹೋಗಿ ಬರೋದು ಎಲ್ಲರಿಗೂ ಉಂಟು. ಆದರೆ ಕೆಲವರಲ್ಲಿ ಇದು ವಿಪರೀತ ಆಗುತ್ತೆ. ನೆನಪು ತುಂಡು ತುಂಡಾಗುತ್ತೆ. ಒಂದು ತುಂಡಿಗೆ ಒಂದು ದನಿ, ಇನ್ನೊಂದಕ್ಕೆ ಇನ್ನೊಂದು ಸ್ವಭಾವ. ಒಬ್ಬ ಮಾಡಿದ್ದು ಇನ್ನೊಬ್ಬನಿಗೆ ಗೊತ್ತಿರಲ್ಲ. ಅಮೆರಿಕದ ವೈದ್ಯರ ಕೈಪಿಡಿ 1980ರಲ್ಲಿ ಇದಕ್ಕೆ ‘ಮಲ್ಟಿಪಲ್ ಪರ್ಸನಾಲಿಟಿ’ ಅಂತ ಹೆಸರಿಟ್ಟಿತು. 1994ರಲ್ಲಿ ಅದನ್ನು ‘ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್’ ಅಂತ ಬದಲಾಯಿಸಿದರು. ಹೆಸರು ಬದಲಾಯಿಸಿದ್ದಕ್ಕೆ ಕಾರಣ ಉಂಟು. ಒಂದು ಮೈಯೊಳಗೆ ಹಲವು ಜನ ಬಂದು ಸೇರಿದ್ದಲ್ಲ, ಒಬ್ಬನೇ ಮನುಷ್ಯ ಪೂರ್ತಿಯಾಗಿ ಕೂಡಿಕೊಳ್ಳೋಕೆ ಆಗದೆ ಹೋದದ್ದು. ಹೆಚ್ಚಿನವರ ಕಥೆಯಲ್ಲಿ ಚಿಕ್ಕಂದಿನಲ್ಲಿ ಮತ್ತೆ ಮತ್ತೆ ಆದ ಹಿಂಸೆ ಇರುತ್ತೆ. ಮಗುವಿಗೆ ಓಡಿಹೋಗೋಕೆ ಜಾಗ ಇಲ್ಲದಾಗ ಮನಸ್ಸೇ ಒಳಗಡೆ ಓಡಿಹೋಗುತ್ತೆ. ಅಷ್ಟೇ ವಿಷಯ. ಇದರ ಬಗ್ಗೆ ವೈದ್ಯರಲ್ಲೇ ಚರ್ಚೆ, ಜಗಳ ಇವೆ. ಆದರೆ ಅನುಭವಿಸೋನ ಕಷ್ಟ ನಿಜ, ಅದರಲ್ಲಿ ಜಗಳ ಇಲ್ಲ.

ನನ್ನ ಒಳಗೆ ಮೂವರು. ಒಬ್ಬ ಏಳು ವರ್ಷದ ಹುಡುಗ, ಅವನನ್ನು ಪುಟ್ಟ ಅಂತೀನಿ. ಇನ್ನೊಬ್ಬನಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಮೂರನೆಯವನು ಮಾತೇ ಆಡಲ್ಲ, ಸುಮ್ಮನೆ ಗೋಡೆ ನೋಡ್ತಾ ಕೂರ್ತಾನೆ. ಇವರಲ್ಲಿ ಯಾರೂ ಕೊಲೆಗಾರ ಇಲ್ಲ, ಯಾರಿಗೂ ಗೆಜ್ಜೆ ಕಟ್ಟಿ ಕುಣಿಯೋಕೆ ಬರಲ್ಲ. ಸಿನಿಮಾಕ್ಕೆ ಕಥೆ ಮಾಡಿದರೆ ಪ್ರೊಡ್ಯೂಸರ್ ಎದ್ದು ಹೋಗ್ತಾನೆ!

ಆದರೆ ಮಾನ ಕಳೆಯೋದರಲ್ಲಿ ಪುಟ್ಟ ನಿಸ್ಸೀಮ. ನನಗೆ ಮೂವತ್ತೊಂದು ವರ್ಷ ಆಗಿದ್ದಾಗ ನೆಂಟರ ಮದುವೆಗೆ ಹೋಗಿದ್ದೆ. ಗಂಡಿನ ದಿಬ್ಬಣ ಬಂತು, ಛತ್ರದ ಬಾಗಿಲಲ್ಲೇ ಪಟಾಕಿ ಸರ ಹಚ್ಚಿದರು. ಆಮೇಲಿನದು ನನಗೆ ಗೊತ್ತಿಲ್ಲ. ಗೊತ್ತಾದಾಗ ಊಟದ ಟೇಬಲ್ ಕೆಳಗೆ ಕೂತಿದ್ದೆ. ಎರಡೂ ಕೈಯಲ್ಲಿ ಲಾಡು, ಕೆನ್ನೆ ಮೇಲೆ ಕಣ್ಣೀರು. ಸುತ್ತ ಮಕ್ಕಳು ಬಗ್ಗಿ ನೋಡಿ ನಗ್ತಿದ್ದವು. ಅವುಗಳ ಹಿಂದೆ ದೊಡ್ಡವರ ಕಾಲುಗಳ ಸಾಲು. ಆ ಕಾಲುಗಳು ಇವತ್ತಿಗೂ ನನ್ನ ಕಣ್ಣ ಮುಂದೆ ಇವೆ. ಯಾರೂ ಏನೂ ಬೈಯಲಿಲ್ಲ. ‘ಬಾಪ್ಪಾ ಪುಟಾಣಿ’ ಅಂತ ಒಬ್ಬರು ಅಂದರು, ಎಲ್ಲರೂ ನಕ್ಕರು. ಆ ಹೆಸರು ನೆಂಟರಲ್ಲಿ ನಾಲ್ಕು ವರ್ಷ ನಡೀತು. ನಾನು ಆ ನಾಲ್ಕು ವರ್ಷ ಒಂದು ಮದುವೆಗೂ ಹೋಗಲಿಲ್ಲ, ಒಂದು ತಿಥಿಗೂ ಹೋಗಲಿಲ್ಲ. ರೂಮು, ಕೆಲಸ, ರೂಮು. ನನ್ನನ್ನು ಕೂಡಿ ಹಾಕಿದ್ದು ಕಾಯಿಲೆ ಅಲ್ಲ, ನಾಚಿಕೆ.

ಇಲ್ಲಿ ನಮ್ಮ ಪುಟ್ಟಣ್ಣ ಕಣಗಾಲರನ್ನು ನೆನೆಯಲೇಬೇಕು. 1971ರ ‘ಶರಪಂಜರ’. ಕಲ್ಪನಾ ಮಾಡಿದ ಕಾವೇರಿಯ ಕಾಯಿಲೆ ಬೇರೆ, ನನ್ನದು ಬೇರೆ. ಆದರೆ ತ್ರಿವೇಣಿಯವರ ಆ ಕಥೆಯಲ್ಲಿ ಕಾವೇರಿ ವಾಸಿಯಾಗಿಯೇ ಮನೆಗೆ ಬರ್ತಾಳೆ, ನೆನಪು ಮಾಡಿಕೊಳ್ಳಿ. ಅವಳನ್ನು ಮತ್ತೆ ಆಸ್ಪತ್ರೆಗೆ ದೂಡಿದ್ದು ಗಂಡನ ನಡತೆ, ಜನರ ಅಡ್ಡನೋಟ, ಹುಚ್ಚಿ ಅನ್ನೋ ಹಣೆಪಟ್ಟಿ. ಐವತ್ತು ವರ್ಷ ದಾಟಿತು, ಅದಕ್ಕಿಂತ ನಿಜವಾದ ಸಿನಿಮಾ ಈ ವಿಷಯದಲ್ಲಿ ನಾನು ನೋಡಿಲ್ಲ.

ಉಳಿದ ಸಿನಿಮಾಗಳು? 1960ರ ‘ಸೈಕೋ’ದಿಂದ ಹಿಡಿದು 2005ರಲ್ಲಿ ಶಂಕರ್ ತೆಗೆದ ವಿಕ್ರಮ್ ನಟನೆಯ ‘ಅನ್ನಿಯನ್’, 2016ರ ಇಂಗ್ಲಿಷ್ ಚಿತ್ರ ‘ಸ್ಪ್ಲಿಟ್’ ತನಕ, ಒಳಗಿರೋ ಇನ್ನೊಬ್ಬ ಅಂದ್ರೆ ಕೊಲೆಗಾರನೇ! ವಿಕ್ರಮ್ ಅಭಿನಯಕ್ಕೆ ನಾನೂ ಶಿಳ್ಳೆ ಹೊಡೆದವನೇ, ಅದರಲ್ಲಿ ಸಂಶಯ ಬೇಡ. ಆದರೆ ಶಿಳ್ಳೆ ಹೊಡೆದು ಹೊರಗೆ ಬಂದ ಮೇಲೆ ಪಕ್ಕದ ಸೀಟಿನವನು ‘ಇಂಥವರನ್ನು ಹೊರಗೆ ಬಿಡಬಾರದು ಗುರೂ’ ಅಂದ. ಅವನ ಸೈಕಲ್ ಹಿಂದೆ ನಾನೇ ಕೂತಿದ್ದೆ!

ನಿಜದ ಕಥೆ ಬೇಕಾದರೆ ಅಮೆರಿಕಕ್ಕೆ ಹೋಗಬೇಕು. 1957ರಲ್ಲಿ ‘ದಿ ತ್ರೀ ಫೇಸಸ್ ಆಫ್ ಈವ್’ ಬಂತು. ಒಬ್ಬಳೇ ಹೆಂಗಸು, ಮೂರು ವ್ಯಕ್ತಿತ್ವ. ಸಾಧು ಈವ್ ವೈಟ್‌ಗೆ ಗೊತ್ತಿಲ್ಲದ ಹಾಗೆ ಈವ್ ಬ್ಲಾಕ್ ಬೆಲೆಬಾಳುವ ಬಟ್ಟೆ ಕೊಂಡು ಬರ್ತಾಳೆ, ಗಂಡ ಮನೆಯಲ್ಲಿ ರಂಪ ಮಾಡ್ತಾನೆ. ಆ ಪಾತ್ರಕ್ಕೆ ಜೋನ್ ವುಡ್‌ವರ್ಡ್ ಆಸ್ಕರ್ ತಗೊಂಡರು. ಚಿತ್ರದ ಕೊನೆಗೆ ಎಲ್ಲ ಸರಿಹೋಗಿ ಒಬ್ಬಳೇ ಉಳೀತಾಳೆ. ಆದರೆ ಆ ಕಥೆಯ ನಿಜವಾದ ಹೆಣ್ಣುಮಗಳು ಕ್ರಿಸ್ ಸೈಜ್‌ಮೋರ್. ಆಕೆ ಎಷ್ಟೋ ವರ್ಷ ತಾನೇ ಈವ್ ಅಂತ ಯಾರಿಗೂ ಹೇಳದೆ ಬದುಕಿದರು. 1977ರಲ್ಲಿ ‘ಐ ಆ್ಯಮ್ ಈವ್’ ಅಂತ ಪುಸ್ತಕ ಬರೆದರು. ಮೂರಲ್ಲ, ಇಪ್ಪತ್ತಕ್ಕೂ ಹೆಚ್ಚು ಮುಖಗಳು ಇದ್ದವು, ಸಿನಿಮಾ ಮುಗಿದ ಮೇಲೂ ಅವು ಬರ್ತಾನೇ ಇದ್ದವು ಅಂತ ಅದರಲ್ಲಿ ಹೇಳಿದರು. ಆಮೇಲೆ ಚಿತ್ರ ಬರೆದರು, ಊರೂರಿಗೆ ಹೋಗಿ ಭಾಷಣ ಮಾಡಿದರು. 2016ರಲ್ಲಿ ತೀರಿಕೊಂಡಾಗ 89 ವರ್ಷ. ಗುಟ್ಟು ಮುಚ್ಚಿಟ್ಟುಕೊಂಡಿದ್ದವರೇ ಕೊನೆಗೆ ಮೈಕಿನ ಮುಂದೆ ನಿಂತು ಮಾತಾಡಿದರು. ಅದೇ ನನಗೆ ಧೈರ್ಯ ಕೊಟ್ಟದ್ದು.

ನನಗೆ ಸರಿಯಾದ ಡಾಕ್ಟರ್ ಸಿಕ್ಕಿದ್ದು ಹನ್ನೊಂದು ವರ್ಷದ ಹಿಂದೆ. ಮೊದಲು ಮೂರ್ಛೆರೋಗ ಇದೆಯಾ ಅಂತ ಪರೀಕ್ಷೆ ಮಾಡಿದರು, ಕುಡಿತ ಇದೆಯಾ ಅಂತ ಕೇಳಿದರು. ಆಮೇಲೆ ಮಾತು. ತಿಂಗಳುಗಟ್ಟಲೆ ಮಾತು. ಈ ತುಂಡುಗಳನ್ನು ಜೋಡಿಸೋ ಮಾತ್ರೆ ಅಂತ ಯಾವುದೂ ಇಲ್ಲ. ನಿದ್ದೆಗೆಟ್ಟರೆ, ಮನಸ್ಸು ಕುಗ್ಗಿದರೆ ಅದಕ್ಕೆ ಔಷಧಿ ಉಂಟು. ‘ಸಾರ್, ಈ ಮೂವರನ್ನೂ ಓಡಿಸಿಬಿಡಿ’ ಅಂತ ನಾನು ಕೇಳಿದೆ. ಡಾಕ್ಟರ್ ನಕ್ಕರು. ‘ಓಡಿಸಿದರೆ ಎಲ್ಲಿಗೆ ಹೋಗ್ತಾರೆ? ಅವರೂ ನೀವೇ. ಮೊದಲು ಪರಿಚಯ ಮಾಡಿಕೊಳ್ಳಿ’ ಅಂದರು. ಅವತ್ತಿನಿಂದ ಕಲಿತದ್ದನ್ನು ನಮ್ಮ ಭಾಷೆಯಲ್ಲೇ, ಅಂದ್ರೆ ಸಿನಿಮಾ ಭಾಷೆಯಲ್ಲೇ ಹೇಳ್ತೀನಿ.

ಒಂದು, ಕಂಟಿನ್ಯುಟಿ ಪುಸ್ತಕ. ಶೂಟಿಂಗ್ ನೋಡಿದವರಿಗೆ ಗೊತ್ತು, ಅಸಿಸ್ಟೆಂಟ್ ಡೈರೆಕ್ಟರ್ ಒಬ್ಬ ಪುಸ್ತಕ ಹಿಡಿದು ಬರೀತಾ ಇರ್ತಾನೆ. ಹೀರೋನ ಅಂಗಿಯ ಯಾವ ಗುಂಡಿ ಬಿಚ್ಚಿತ್ತು, ವಾಚು ಯಾವ ಕೈಯಲ್ಲಿತ್ತು ಅಂತ. ಇಲ್ಲದಿದ್ದರೆ ನಾಳೆಯ ಶಾಟು ಇವತ್ತಿನದಕ್ಕೆ ಕೂಡಲ್ಲ. ನನ್ನ ಜೇಬಿನಲ್ಲೂ ಅಂಥದ್ದೊಂದು ಪುಸ್ತಕ ಇದೆ. ಎಲ್ಲಿಗೆ ಹೋದೆ, ಯಾರಿಗೆ ಏನು ಮಾತು ಕೊಟ್ಟೆ, ಎಷ್ಟು ದುಡ್ಡು ಖರ್ಚಾಯ್ತು ಅಂತ ಬರೀತೀನಿ. ಪುಟ್ಟನೂ ಬರೀತಾನೆ, ದೊಡ್ಡ ದೊಡ್ಡ ಅಕ್ಷರದಲ್ಲಿ. ನೆನಪು ತುಂಡಾದ ಕಡೆ ಆ ಪುಸ್ತಕವೇ ಅಂಟು.

ಎರಡು, ಕಾಲ್‌ಶೀಟು. ಡೇಟ್ಸ್ ಕೊಡದಿದ್ದರೆ ಆರ್ಟಿಸ್ಟು ಸೆಟ್ಟಿಗೆ ನುಗ್ಗಿ ಗಲಾಟೆ ಮಾಡ್ತಾನೆ. ಪುಟ್ಟನಿಗೆ ದಿನಾ ಸಂಜೆ ಅರ್ಧ ಗಂಟೆ ಕೊಟ್ಟಿದ್ದೇನೆ. ಬಾಗಿಲು ಹಾಕಿಕೊಂಡು ಬಣ್ಣದ ಪೆನ್ಸಿಲು, ಕಾರ್ಟೂನು. ಯಾರೂ ನಗೋರಿಲ್ಲ. ಆ ಅರ್ಧ ಗಂಟೆ ಸಿಕ್ಕಿದ ಮೇಲೆ ಅವನು ಹೋಟೆಲ್ಲಿನಲ್ಲಿ, ಆಫೀಸಿನಲ್ಲಿ ಧುತ್ತಂತ ಬರೋದು ಬಹಳ ಕಡಿಮೆ ಆಯ್ತು.

ಈ ಮಾತಿಗೆ ಕರಾವಳಿಯ ಮಿತ್ರರು ತಲೆದೂಗಬಹುದು. 2022ರಲ್ಲಿ ‘ಕಾಂತಾರ’ ನೋಡಿ ಇಡೀ ದೇಶ ಬೆರಗಾಯ್ತಲ್ಲ! ಕೋಲದಲ್ಲಿ ದೈವ ಮೈಮೇಲೆ ಬಂದಾಗ ಯಾರಾದರೂ ನಗ್ತಾರಾ? ಇಲ್ಲ. ಅದಕ್ಕೆ ಹೊತ್ತು ಉಂಟು, ಜಾಗ ಉಂಟು, ಪಕ್ಕದಲ್ಲಿ ನಿಲ್ಲೋ ಜನ ಉಂಟು. ದೈವ ಬೇರೆ, ಕಾಯಿಲೆ ಬೇರೆ, ಎರಡನ್ನೂ ಒಂದು ಮಾಡ್ತಿಲ್ಲ. ಊರಿನ ಸಂಪ್ರದಾಯದೊಳಗೆ ನಡೆಯೋದನ್ನು ವೈದ್ಯಶಾಸ್ತ್ರವೂ ಕಾಯಿಲೆ ಅನ್ನಲ್ಲ. ನಾನು ಅಲ್ಲಿಂದ ಕಲಿತದ್ದು ಇಷ್ಟೇ. ಹೊತ್ತು, ಜಾಗ, ಪಕ್ಕದಲ್ಲೊಬ್ಬ, ಈ ಮೂರು ಇದ್ದರೆ ಮನುಷ್ಯನ ಮರ್ಯಾದೆ ಉಳಿಯುತ್ತೆ.

ಮೂರು, ಕಟ್ ಹೇಳೋನು ಒಬ್ಬ ಬೇಕು. ನನ್ನ ವಿಷಯ ಪೂರ್ತಿ ಗೊತ್ತಿರೋರು ಮೂರೇ ಜನ. ಊರಿಗೆಲ್ಲ ಡಂಗೂರ ಬೇಡ. ಅವರಲ್ಲಿ ಒಬ್ಬ ಗೆಳೆಯ ನನ್ನ ಕಣ್ಣು ನೋಡಿಯೇ ಕಂಡುಹಿಡೀತಾನೆ. ಮೈ ಮುಟ್ಟಲ್ಲ, ಭುಜ ಹಿಡಿದು ಅಲ್ಲಾಡಿಸಲ್ಲ. ಮೆಲ್ಲಗೆ ಇವತ್ತು ಯಾವ ವಾರ, ನಾವು ಎಲ್ಲಿದ್ದೇವೆ ಅಂತ ಹೇಳ್ತಾನೆ. ಒಬ್ಬನೇ ಇದ್ದಾಗ ನಾನೇ ಮಾಡಿಕೊಳ್ತೀನಿ. ಎರಡೂ ಪಾದ ನೆಲಕ್ಕೆ ಒತ್ತಿ, ಮುಖಕ್ಕೆ ತಣ್ಣೀರು ಹಾಕಿ, ಕಣ್ಣಿಗೆ ಕಾಣೋ ಐದು ವಸ್ತುವಿನ ಹೆಸರು ಬಾಯಿಬಿಟ್ಟು ಹೇಳೋದು. ಫ್ಯಾನು, ಬೆಂಚು, ಬಕೆಟ್ಟು, ಕ್ಯಾಲೆಂಡರು, ಚಪ್ಪಲಿ. ಈ ಸಾಮಾನುಗಳೇ ನನ್ನನ್ನು ವಾಪಸ್ ಕರ್ಕೊಂಡು ಬರ್ತವೆ.

ಪಟಾಕಿ, ನೂಕುನುಗ್ಗಲು ನನಗೆ ಆಗಲ್ಲ. ಅದಕ್ಕೇ ಫಸ್ಟ್ ಡೇ ಫಸ್ಟ್ ಶೋ ಬಿಟ್ಟೆ. ಎರಡನೇ ವಾರ, ಮ್ಯಾಟಿನಿ, ಬಾಗಿಲ ಪಕ್ಕದ ಸೀಟು. ಸಿನಿಮಾ ಮಾತ್ರ ಬಿಟ್ಟಿಲ್ಲ!

ನಾಲ್ಕು, ಒಂದೇ ಒಂದು ಡೈಲಾಗು. ಹೊರಗಿನವರ ಎದುರು ಏನಾದರೂ ಆಗಿಬಿಟ್ಟರೆ ಹೇಳೋಕೆ ಒಂದು ಮಾತು ಬಾಯಿಪಾಠ ಮಾಡಿಟ್ಟುಕೊಂಡಿದ್ದೇನೆ. ‘ನನಗೊಂದು ಆರೋಗ್ಯದ ತೊಂದರೆ ಇದೆ, ಈಗ ಸರಿಹೋಯ್ತು, ಐದು ನಿಮಿಷ ಕೂತ್ಕೊಳ್ತೀನಿ.’ ಅಷ್ಟೇ. ಸುಳ್ಳೂ ಅಲ್ಲ, ಪೂರ್ತಿ ಕಥೆಯೂ ಅಲ್ಲ. ಮೊದಲ ಸಲ ಹೇಳಿದಾಗ ನಾಲಿಗೆ ಒಣಗಿತ್ತು. ಎದುರಿಗಿದ್ದವರು ಏನು ಮಾಡಿದರು ಗೊತ್ತಾ? ಕುರ್ಚಿ ಎಳೆದು ಕೊಟ್ಟರು, ನೀರು ತಂದರು, ತಮ್ಮ ಮಾತು ಮುಂದುವರಿಸಿದರು. ಜನಕ್ಕೆ ಏನಾಗ್ತಿದೆ ಅಂತ ಗೊತ್ತಾಗದಿದ್ದರೆ ಭಯ, ಭಯ ಆದರೆ ನಗು. ಒಂದು ಮಾತು ಸಿಕ್ಕಿದರೆ ಹೆಚ್ಚಿನವರು ಒಳ್ಳೆಯವರೇ.

ಐದನೆಯದು ಎಲ್ಲಕ್ಕಿಂತ ದೊಡ್ಡದು. ‘ನಾನಲ್ಲ, ಅವನು ಮಾಡಿದ್ದು’ ಅನ್ನೋ ಹಾಗಿಲ್ಲ. ಸಿಟ್ಟಿನವನು ಲೋಟ ಒಡೆದರೂ ದುಡ್ಡು ನನ್ನ ಜೇಬಿನಿಂದಲೇ. ಅವನು ಬೈದರೆ ಕ್ಷಮೆ ಕೇಳೋದು ನಾನೇ. ಇದು ನಾಚಿಕೆ ಅಲ್ಲ, ಜವಾಬ್ದಾರಿ. ನಾಚಿಕೆ ನಮ್ಮನ್ನು ರೂಮಿಗೆ ಕಳಿಸುತ್ತೆ, ಜವಾಬ್ದಾರಿ ಮತ್ತೆ ಆ ಜನರ ಹತ್ತಿರಕ್ಕೆ ಕಳಿಸುತ್ತೆ. ಆಶ್ಚರ್ಯ ಅಂದ್ರೆ, ನಾನು ಹೀಗೆ ಹೊಣೆ ಹೊತ್ತ ಮೇಲೆ ಆ ಸಿಟ್ಟಿನವನೂ ಸ್ವಲ್ಪ ಮೆತ್ತಗಾಗಿದ್ದಾನೆ. ಅವನು ಹುಟ್ಟಿದ್ದೇ ಪುಟ್ಟನನ್ನು ಕಾಯೋಕೆ ಅಂತ ಈಗ ನನಗೆ ಗೊತ್ತು. ವಿಲನ್ ಅಂದುಕೊಂಡಿದ್ದೆ, ಬಾಡಿಗಾರ್ಡ್ ಆಗಿದ್ದ!

ಈಗ ಉಳಿದ ಮಿತ್ರರಿಗೆ ಎರಡು ಮಾತು. ನಿಮ್ಮ ಗ್ಯಾಂಗಿನಲ್ಲಿ ಒಬ್ಬ ಹೀಗೆ ಇದ್ದರೆ, ದಯವಿಟ್ಟು ಮೊಬೈಲ್ ಜೇಬಿಗೆ ಹಾಕಿ. ಒಬ್ಬ ಮನುಷ್ಯ ಅತ್ಯಂತ ಅಸಹಾಯಕನಾಗಿರೋ ಎರಡು ನಿಮಿಷವನ್ನು ಶಾಶ್ವತ ಮಾಡೋ ಹಕ್ಕು ಯಾರಿಗೂ ಇಲ್ಲ. ಸುತ್ತ ನಿಂತವರನ್ನು ಚದುರಿಸಿ, ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿ. ಮಂತ್ರವಾದಿ, ಬೇವಿನ ಬರಲು, ಮೆಣಸಿನ ಹೊಗೆ ಇದ್ಯಾವುದೂ ಬೇಡ. ಹೊಡೆತದಿಂದ ಹುಟ್ಟಿದ ನೋವು ಹೊಡೆತದಿಂದ ವಾಸಿ ಆಗುತ್ತಾ ಹೇಳಿ? ಮಾರನೇ ದಿನ ಅವನು ಎದುರಿಗೆ ಬಂದಾಗ ‘ಬಾರೋ, ಟೀ ಕುಡಿಯೋಣ’ ಅನ್ನಿ. ಅದಕ್ಕಿಂತ ದೊಡ್ಡ ಚಿಕಿತ್ಸೆ ಗೆಳೆಯರ ಕೈಯಲ್ಲಿ ಇಲ್ಲ.

ಡಾಕ್ಟರ್ ಹತ್ತಿರ ಹೋಗೋಕೆ ಬೆಂಗಳೂರಿನ ನಿಮ್ಹಾನ್ಸ್ ತನಕ ಬರಲೇಬೇಕು ಅಂತಿಲ್ಲ. ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿದ್ದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಅದಕ್ಕೂ ಮುಜುಗರವಾದರೆ ಫೋನು ಉಂಟು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್, ನಂಬರು 14416. ಹಗಲು ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸಿದ ರಾತ್ರಿ ಇದ್ದರೆ ಬೆಳಗಾಗೋ ತನಕ ಕಾಯಬೇಡಿ, ಆಗಲೇ ಮಾಡಿ.

ನಾನಂತೂ ಪೂರ್ತಿ ವಾಸಿ ಆಗಿದ್ದೇನೆ ಅಂತ ಹೇಳಲ್ಲ. ಮೂವರೂ ಇದ್ದಾರೆ. ಆದರೆ ಈಗ ಒಬ್ಬರ ಮಾತು ಒಬ್ಬರು ಕೇಳ್ತಾರೆ. ಕಳೆದ ವರ್ಷ ತಂಗಿಯ ಮಗಳ ಮದುವೆಗೆ ಹೋಗಿದ್ದೆ, ಊಟದ ಪಂಕ್ತಿಯಲ್ಲಿ ಎಲ್ಲರ ಜೊತೆ ಕೂತು ಉಂಡೆ. ಬಡಿಸೋನು ಎರಡನೇ ಸಲ ಲಾಡು ತಂದಾಗ ಬೇಡ ಅನ್ನಲಿಲ್ಲ. ಒಂದು ನನಗೆ, ಒಂದು ಪುಟ್ಟನಿಗೆ!

ಪತ್ರ ಬರೆದ ತಮ್ಮಾ, ನಾಳೆ ಬೆಳಗ್ಗೆ ಮನೆಯಿಂದ ಹೊರಗೆ ಬಾ. ಮೊದಲ ದಿನ ಬೀದಿ ತುದಿಯ ಅಂಗಡಿ ತನಕ ಸಾಕು. ನಿನ್ನ ಮುಂದಿನ ಪತ್ರಕ್ಕೆ ಕಾಯ್ತಾ ಇರ್ತೀನಿ.

ಮುಂದಿನ ವಾರ ಮತ್ತೆ ನಮ್ಮ ಮಾಮೂಲಿ ಗಾಂಧಿನಗರದ ಸುದ್ದಿ. ಅಲ್ಲಿಯ ತನಕ, ನಮಸ್ಕಾರ.